ಅವ್ವನಿಗೆ ನೀನು ಹೇಳಿದ ಕೊನೆಗಳು

ಮಯೂರಿ,

ನಿಪ್ಪಾಣಿಯಿಂದ ಸುಗಂಧಾಳ ಜೈ ಜಿನೇಂದ್ರ.

ಗಂಡನ ಅಕ್ಕ ಫೋನು ಬಿಟ್ಟು ಕಾಗದ ಬರೆದಿದ್ದಾಳೆ ಅಂದರೆ ಏನೋ ಜಗಳವೇ ಇರಬೇಕು ಅಂದುಕೊಳ್ಳಬೇಡ. ಫೋನು ಮಾಡಿದರೆ ನೀನು "ತಡೀರಿ ಅಕ್ಕಾರ, ಅತ್ತ್ಯಾರಿಗೆ ಕೊಡತೀನಿ" ಅಂದು ಜಾರಿಕೊಳ್ಳುತ್ತೀ. ಮೊಬೈಲಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸಿದರೆ ಅದು ಅವ್ವನ ಕಿವಿಗೆ ಬೀಳದೆ ಇರುವುದಿಲ್ಲ. ಕಣ್ಣು ಹೋದ ಮೇಲೆ ನಮ್ಮವ್ವನ ಕಿವಿ ಆ ಮನೆಯ ಮೂಲೆಮೂಲೆಯಲ್ಲೂ ಇದೆ. ಅದಕ್ಕೇ ಕಾಗದ. ನಮ್ಮ ಮನೆಯವರು ನಾಳೆ ಉಗಾರಕ್ಕೆ ಬರುತ್ತಾರೆ, ನಿನ್ನ ಕೈಯಲ್ಲೇ ಕೊಡಿ ಎಂದು ಹೇಳಿದ್ದೇನೆ. ಶ್ರೇಣಿಕನಿಗೂ ತೋರಿಸಬೇಡ. ನನ್ನ ತಮ್ಮನೇ ಆದರೂ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಮೊದಲು ಪಿಚ್ಚರಿನ ಮಾತು. ಹೋದ ಭಾನುವಾರ ಇಲ್ಲಿ ಒಂದು ನೋಡಿದೆವು. ಅಣ್ಣತಮ್ಮಂದಿರ ಕತೆ. ಎರಡೂವರೆ ತಾಸು ಅಣ್ಣ ತಮ್ಮನಿಗೆ ಮೋಸ ಮಾಡುತ್ತಾನೆ, ಹೊಲ ನುಂಗುತ್ತಾನೆ, ಮನೆಯಿಂದ ಹೊರಗೆ ಹಾಕುತ್ತಾನೆ. ಕೊನೆಗೆ ಅಣ್ಣ ಆಸ್ಪತ್ರೆ ಸೇರಿದಾಗ ತಮ್ಮ ಬಂದು ತನ್ನ ಕಿಡ್ನಿ ಕೊಡುತ್ತಾನೆ. ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ, ಹಾಡು ಬರುತ್ತದೆ, ಮುಗಿಯಿತು. ನಮ್ಮ ಮನೆಯವರು ಕಣ್ಣು ಒರೆಸಿಕೊಂಡರು. ನನಗೆ ಮಾತ್ರ ಸಿಟ್ಟು. ಕಿಡ್ನಿ ಕೊಡಲಿ, ಬೇಡ ಎನ್ನುವುದಿಲ್ಲ. ಆದರೆ ಅಣ್ಣ ಹೊಲ ತಿರುಗಿ ಬರೆದುಕೊಟ್ಟನೋ ಇಲ್ಲವೋ? ಅದನ್ನು ತೋರಿಸಬೇಡವೇ? ಅದಕ್ಕೂ ಹಿಂದಿನ ವಾರ ಮೊಬೈಲಿನಲ್ಲಿ ಒಂದು ಪೊಲೀಸು ಪಿಚ್ಚರು ನೋಡಿದೆ. ಕೊಲೆ ಮಾಡಿದವನನ್ನು ಹುಡುಕುತ್ತಿದ್ದ ಸಾಹೇಬನೇ ಕೊಲೆಗಾರ ಅಂತ ಕೊನೆಗೆ ಗೊತ್ತಾಗುತ್ತದೆ. ಎಲ್ಲರೂ ಅದನ್ನು ಹೊಗಳುತ್ತಿದ್ದಾರೆ. ಹಾಗಾದರೆ ಮೊದಲಿಗೆ ಹೆಣ ಕಂಡಾಗ, ಯಾರೂ ಇಲ್ಲದ ಕೋಣೆಯಲ್ಲಿ ಒಬ್ಬನೇ ನಿಂತು ಅವನು ಅಷ್ಟು ಗಾಬರಿಯಾದದ್ದು ಯಾರಿಗೆ ತೋರಿಸಲು?

ಎರಡನ್ನೂ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಮೊದಲಾಗಿದ್ದರೆ ಒಂದೊಂದಕ್ಕೆ ಅರ್ಧ ತಾಸು ವಾದ ಮಾಡುತ್ತಿದ್ದಳು. ಈ ಸಲ ಬರೇ ಹೂಂ ಅಂದಳು. ಏನಾಯಿತು ಎಂದು ಕೇಳಿದ್ದಕ್ಕೆ, "ಮಯೂರಿ ಪಿಚ್ಚರ ಹೇಳೂದು ಬಿಟ್ಟಾಳವಾ. ಟೀವಿ ಹಚ್ಚಿ ಕೊಟ್ಟು ಅಡಗಿಮನಿಗೆ ಹೋಗಿಬಿಡ್ತಾಳ. ಕೇಳಿದ್ರ, 'ಸುಗಂಧಾ ಅಕ್ಕಾರನ್ನ ಕೇಳ್ರಿ, ಅವರು ಖರೇ ಹೇಳತಾರ' ಅಂತಾಳ" ಅಂದಳು.

ಆಗ ನನಗೆ ತಿಳಿಯಿತು. ದೀಪಾವಳಿಗೆ ನಾನು ಬಂದಾಗ, ಆ ಬೆಳಿಗ್ಗೆ, ನೀನು ಬಸದಿಯಿಂದ ಬೇಗ ಬಂದಿದ್ದೆ. ಬಾಗಿಲ ಆಚೆ ನಿಂತು ನನ್ನ ಮಾತು ಕೇಳಿಸಿಕೊಂಡೆ, ಅವ್ವನ ಮಾತಿಗೆ ನಿಲ್ಲದೆ ಹೋದೆ. ಉಳಿದದ್ದನ್ನು ಹೇಳುವುದಕ್ಕೇ ಈ ಕಾಗದ. ಆದರೆ ಅದನ್ನು ನೆಟ್ಟಗೆ ಹೇಳಲು ನನಗೆ ಆಗುವುದಿಲ್ಲ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿದೆ ಮಯೂರಿ. ಅದರಿಂದಲೇ ಶುರು ಮಾಡುತ್ತೇನೆ.

ನಮ್ಮಪ್ಪನಿಗೆ ಪಿಚ್ಚರು ಅಂದರೆ ಆಗುತ್ತಿರಲಿಲ್ಲ. ಶ್ರೇಣಿಕನಿಗೆ ಥೇಟರಿನಲ್ಲಿ ಕೂತರೆ ನಿದ್ದೆ. ಹಾಗಾಗಿ ಅವ್ವ, ನಾನು, ಇಬ್ಬರೇ. ಹೊತ್ತು ಮುಳುಗುವ ಮುಂಚೆ ಮನೆಗೆ ಬಂದು ಉಣ್ಣಬೇಕು ಅಂತ ನಾವು ಹೋಗುತ್ತಿದ್ದದ್ದು ಮಧ್ಯಾಹ್ನದ ಆಟಕ್ಕೆ. ಮಿರಜಿಗೋ ಸಾಂಗಲಿಗೋ. ಹೋಗುವಾಗ ಸುಮ್ಮನಿರುತ್ತಿದ್ದಳು, ಬರುವಾಗ ಬಸ್ಸಿನಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ಅವಳ ತಕರಾರು ಯಾವಾಗಲೂ ಕೊನೆಯ ಮೇಲೆ. "ಫೋಟೋಕ್ಕ ಹಾರಾ ಹಾಕಿ ಮುಗಿಸಿಬಿಡತಾರ ನೋಡ. ಮರುದಿನ ಆ ಮನ್ಯಾಗ ರೊಟ್ಟಿ ಯಾರು ಬಡದ್ರು ಅಂತ ಒಬ್ಬನರ ತೋರಸತಾನೇನು?" ಮದುವೆಯಲ್ಲಿ ಮುಗಿಯುವ ಪಿಚ್ಚರು ಅವಳಿಗೆ ಇಂಟರ್‌ವಲ್ಲಿಗೆ ಎದ್ದು ಬಂದ ಹಾಗೆ. "ಕತಿ ಈಗ ಚಾಲೂ ಆಗೂದೈತಿ, ಇವರು ದೀಪಾ ಹಚ್ಚಿ ಹೊರಗ ಹಾಕಿದ್ರು" ಅನ್ನುತ್ತಿದ್ದಳು. ನಾನು ಮದುವೆಯಾಗಿ ನಿಪ್ಪಾಣಿಗೆ ಬಂದ ಮೇಲೂ ಇದು ನಿಲ್ಲಲಿಲ್ಲ. ಅವಳು ಅಲ್ಲಿ ನೋಡುವುದು, ನಾನು ಇಲ್ಲಿ ನೋಡುವುದು, ಆಮೇಲೆ ಫೋನಿನಲ್ಲಿ ಜಗಳ. ಅಮ್ಮನ ಜೊತೆ ದಿನವೂ ಏನು ಮಾತಾಡುತ್ತೀ ಎಂದು ನಮ್ಮ ಮನೆಯವರು ಕೇಳುತ್ತಿದ್ದರು. ಎಂದೂ ಇಲ್ಲದ ಜನರ ಸಂಸಾರದ ಬಗ್ಗೆ ಮಾತಾಡುತ್ತಿದ್ದೆವು.

ಅವಳ ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಮಾಡಿದ್ದು ಒಂದೇ, ಪಿಚ್ಚರಿನ ಮಾತು ನಿಲ್ಲಿಸಿದೆ. ಅವಳಿಗೆ ನೋವಾದೀತು ಅಂತ. ಊಟ ಆಯಿತೇ, ಔಷಧಿ ಹಾಕಿಕೊಂಡೆಯಾ, ಇಷ್ಟೇ ಕೇಳುತ್ತಿದ್ದೆ. ಅದೇ ಹೊತ್ತಿನಲ್ಲಿ ನೀನು ಅಥಣಿಯಿಂದ ನಮ್ಮ ಮನೆಯ ಸೊಸೆಯಾಗಿ ಬಂದೆ. ಬಂದ ಹೊಸದರಲ್ಲೇ ಟೀವಿ ಮುಂದೆ ಅವ್ವನ ಪಕ್ಕ ಕೂತು, ಯಾರೂ ಹೇಳಿಕೊಡದೆ, ನಡೆಯುತ್ತಿರುವುದನ್ನೆಲ್ಲ ಅವಳ ಕಿವಿಯಲ್ಲಿ ಹೇಳತೊಡಗಿದೆ. ಒಮ್ಮೆ ಫೋನಿನಲ್ಲಿ ಅವ್ವ ನಕ್ಕಳು: "ಹೀರೋಯಿಣಿ ಸೀರಿ ಹಸರ ಅಲ್ಲಂತವಾ. ಎಳೀ ಮಾವಿನಕಾಯಿ ಕೊಯ್ದಾಗ ಒಳಗ ಇರತೈತಲ್ಲ, ಆ ಬಣ್ಣಂತ. ಮಯೂರಿ ಹೇಳಿದ್ಲು." ಆ ದಿನ ಫೋನು ಇಟ್ಟು ನಾನು ಸುಮ್ಮಸುಮ್ಮನೆ ಪಾತ್ರೆ ಸಪ್ಪಳ ಮಾಡಿದೆ. ಅಂಥ ಬಣ್ಣವೊಂದು ನನಗೇಕೆ ಹೊಳೆಯಲಿಲ್ಲ?

ಅಲ್ಲಿಂದ ಮುಂದೆ ಎಲ್ಲದರಲ್ಲೂ ನೀನೇ. ಪಿಚ್ಚರಿನ ಮಾತು ನಾನೂ ಮತ್ತೆ ತೆಗೆದೆ, ಆದರೆ ಏನು ಹೇಳಹೊರಟರೂ "ಮಯೂರಿ ಹೇಳ್ಯಾಳ". ಆ ಪಿಚ್ಚರಿನ ಕೊನೆ ನನಗೆ ಸೇರಲಿಲ್ಲ ಅಂದರೆ "ನಮಗ ಸೇರಿತು ನೋಡ" ಅನ್ನುವಳು. ನಮಗೆ! ಆ 'ನಮಗೆ' ಅನ್ನುವುದರೊಳಗೆ ಮುಂಚೆ ನಾನಿದ್ದೆ.

ದೀಪಾವಳಿಗೆ ಬಂದಾಗ ಸಾಂಗಲಿಗೆ ಮರಾಠಿ ಪಿಚ್ಚರಿಗೆ ಹೋಗೋಣ ಅಂದವಳು ನೀನೇ. ಅವ್ವನನ್ನು ನಡುವೆ ಕೂರಿಸಿ, "ಇವತ್ತು ನಾ ಹೇಳತೀನಿ, ನೀ ಆರಾಮ ನೋಡು" ಎಂದು ನಿನಗೆ ಹೇಳಿದೆ. ನೀನು ಎಷ್ಟು ಸುಲಭವಾಗಿ ಒಪ್ಪಿದೆ! ಅದೂ ನನಗೆ ಸಿಟ್ಟೇ. ಆಮೇಲೆ ನನ್ನ ಗತಿ ನೀನೇ ಕಂಡೆಯಲ್ಲ. ನಾನು ಒಂದನ್ನು ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಬಂದಿರುತ್ತಿತ್ತು. "ಆಕಿ ನಕ್ಕಳು" ಅಂದರೆ ಅವ್ವ "ಹೆಂಗ ನಕ್ಕಳು?" ಅನ್ನುವಳು. ಹೇಗೆ ಅಂತ ಹೇಳಲಿ? ನಕ್ಕಳು ಅಷ್ಟೇ. ಇಂಟರ್‌ವಲ್ಲಿನಲ್ಲಿ ಅವ್ವ ನನ್ನ ಕೈ ತಟ್ಟಿ, "ಸುಗಂಧಾ, ದಣದೀ. ನೀ ಸುಮ್ಮ ಪಿಚ್ಚರ ನೋಡವಾ" ಅಂದಳು. ದೀಪ ಆರಿದ ಮೇಲೆ ಅವಳ ತಲೆ ನಿನ್ನ ಕಡೆ ವಾಲಿತು. ನಾನು ಹುಟ್ಟಿದ್ದು ಅವಳ ಹೊಟ್ಟೆಯಲ್ಲಿ. ಆ ಹೊತ್ತಿಗೆ ನಾನು ಪಕ್ಕದ ಸೀಟಿನ ಹೆಂಗಸಾಗಿದ್ದೆ.

ಆಮೇಲೆ ಆ ಕೊನೆ ಬಂತು. ಮುಂಬಯಿಗೆ ಓಡಿಹೋದ ಮಗಳು ಬರುತ್ತೇನೆಂದು ಹೇಳಿಕಳಿಸಿರುತ್ತಾಳೆ. ಮುದುಕಿ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ. ಕಡೆಯ ಬಸ್ಸು ಬಂತು, ಮೂರು ನಾಲ್ಕು ಜನ ಇಳಿದರು, ಮಗಳು ಇಳಿಯಲಿಲ್ಲ. ಬಸ್ಸು ಹೋಯಿತು. ತಾಯಿ ಹಾಗೇ ಕೂತಿದ್ದಳು. ಒಂದು ಮಾತಿಲ್ಲ, ಹಾಡಿಲ್ಲ, ಪರದೆ ಕಪ್ಪಾಯಿತು. ನಾನು ಅಳುತ್ತಿದ್ದೆ. ಆಗ ನಿನ್ನ ಪಿಸುಮಾತು ಕೇಳಿಸಿತು: "ಮಗಳು ಇಳದ್ಲರಿ ಅತ್ತ್ಯಾರ. ಹಿಂದಿನ ಬಾಗಲದಿಂದ. ಕೈಯಾಗ ಒಂದ ಚೀಲ ಐತಿ. ತಾಯಿ ಇನ್ನೂ ನೋಡಿಲ್ಲ… ಹಾ, ಈಗ ನೋಡಿದ್ಲು." ಅವ್ವ ನಕ್ಕಳು. ನಿನ್ನ ಕೈ ಹಿಡಿದಳು.

ನನಗೆ ರಾತ್ರಿಯೆಲ್ಲ ಅದೇ ಉರಿ. ಮರುದಿನ ನೀನು ಬಸದಿಗೆ ಹೋದದ್ದೇ ತಡ, ಅಡಿಗೆಮನೆಯಲ್ಲಿ ಅವ್ವನ ಮುಂದೆ ಕೂತು ಹೇಳಿಬಿಟ್ಟೆ: "ಅವ್ವಾ, ನಿನ್ನ ಸೊಸಿ ನಿನಗ ಸುಳ್ಳು ಹೇಳಾಕತ್ಯಾಳ. ಆ ಮಗಳು ಬರಲಿಲ್ಲ. ನಿನಗ ಕಣ್ಣ ಕಾಣೂದಿಲ್ಲಂತ ಮನಸಿಗೆ ಬಂದಂಗ ಕತಿ ತಿರುವತಾಳ." ನೀನು ಕೇಳಿದ್ದು ಇಷ್ಟೇ. ಬಾಗಿಲ ಸಪ್ಪಳ ನನಗೂ ಕೇಳಿಸಿತ್ತು, ಗಾಳಿ ಅಂದುಕೊಂಡೆ.

ಇನ್ನು ನೀನು ಕೇಳದ್ದು.

ಅವ್ವ ಬಿಡಿಸುತ್ತಿದ್ದ ಅವರೆಕಾಳಿನ ಬುಟ್ಟಿ ಪಕ್ಕಕ್ಕೆ ಸರಿಸಿ, "ಗೊತ್ತೈತಿ" ಅಂದಳು.

ಅವಳೇ ಮುಂದುವರಿಸಿದಳು: "ಮಗಳು ಬಂದಿದ್ರ ಥೇಟರಿನ ಮಂದಿ ಹಂಗ ಸುಮ್ಮನ ಎದ್ದ ಹೋಗತಿದ್ರೇನು? ನೀ ಈ ಕಡೆ ಮೂಗ ಏರಸಾಕತ್ತಿದ್ದಿ. ಆಕಿ ದನಿಯೂ ನಡಗಾಕತ್ತಿತ್ತು. ಕಣ್ಣ ಹೋಗ್ಯಾವ, ಬುದ್ಧಿ ಹೋಗಿಲ್ಲ ನನಗ."

"ಮತ್ತ ಯಾಕ ಸುಮ್ಮನಿದ್ದಿ?"

"ಗೊತ್ತೈತಿ ಅಂದ್ರ ಆಕಿ ನಾಳಿಂದ ಇದ್ದದ್ದ ಇದ್ದಂಗ ಹೇಳತಾಳ. ಆಗ ನಾ ಒಂದ ಪಿಚ್ಚರ ನೋಡಿದಂಗಾತು. ಈಗ ಎರಡ ನೋಡತೀನಿ. ಕಿವೀಲೆ ಅವರದೊಂದು, ಆಕಿ ಹೇಳೂದೊಂದು." ಆಮೇಲೆ ಕಾಳಿನಲ್ಲಿ ಕೈಯಾಡಿಸುತ್ತ ಹೇಳಿದಳು: "ಆಕಿ ಎಲ್ಲಾನೂ ಬದಲ ಮಾಡೂದಿಲ್ಲ ಸುಗಂಧಾ. ಪೊಲೀಸ ಪಿಚ್ಚರ, ಹೊಡೆದಾಟದ್ದು, ಇದ್ದಂಗ ಹೇಳತಾಳ. ತಾಯಿ ಮಗಳು ಅಗಲಿದ್ದ ಇತ್ತಂದ್ರ ಅಷ್ಟ ಕೂಡಸತಾಳ. ಸಣ್ಣಾಕಿದ್ದಾಗ ತಾಯಿ ಹೋಗ್ಯಾಳ ಆಕೀದು. ಅಜ್ಜಿ ಕೈಯಾಗ ಬೆಳದಾಕಿ. ಅಥಣ್ಯಾಗ ಅದನ್ನ ಬದಲ ಮಾಡಾಕ ಆಗಲಿಲ್ಲ, ನನ್ನ ಕಿವ್ಯಾಗ ಮಾಡತಾಳ. ಮಾಡಲಿ. ನೀ ಏನೂ ಅನಬ್ಯಾಡ ಆಕಿಗೆ."

ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಅಂತ ಬರೆದರೆ ಅದೂ ಸುಳ್ಳೇ. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಚಿಕ್ಕಂದಿನಲ್ಲಿ ನಾನು ಒಂದು ಸುಳ್ಳು ಹೇಳಿದರೆ ಅಲ್ಲೇ, ಎಲ್ಲರ ಮುಂದೆ ಹಿಡಿಯುತ್ತಿದ್ದವಳು ನಮ್ಮವ್ವ. ನಿನ್ನ ಸುಳ್ಳನ್ನು ಮಾತ್ರ ಹೀಗೆ ಸೆರಗಿನಲ್ಲಿ ಕಟ್ಟಿಕೊಂಡು ಕಾಯುತ್ತಿದ್ದಾಳೆ. ನನಗೆ ತಾಯಿ ಇದ್ದಾಳೆ ಅಂತ ನಿನಗೆ ಹೊಟ್ಟೆಕಿಚ್ಚಿರಬಹುದೇನೋ, ಇದ್ದರೆ ತಪ್ಪಲ್ಲ. ಅದೇ ತಾಯಿಯ ವಿಷಯದಲ್ಲಿ ನಿನ್ನ ಮೇಲೆ ನನಗೆ. ಒಂದೇ ಮುದುಕಿಗೆ ಇಬ್ಬರು.

ನೀನು ಹೇಳುವುದು ಬಿಟ್ಟೆ ಎಂದು ತಿಳಿದಾಗ ಮೊದಲು ಖುಷಿಯಾಯಿತು. ಜಾಗ ಖಾಲಿಯಾಯಿತಲ್ಲ! ಮಾರನೆಯ ದಿನವೇ ಟೀವಿಯಲ್ಲಿ ಒಂದು ಪಿಚ್ಚರು ನೋಡಿ ಅವ್ವನಿಗೆ ಫೋನು ಮಾಡಿದೆ. ಹೊಳೆಯಲ್ಲಿ ಕೊಚ್ಚಿಹೋದ ಮಗಳ ಕತೆ. ಪಿಚ್ಚರಿನಲ್ಲಿ ಅವಳ ಒಂದು ಚಪ್ಪಲಿ ಮಾತ್ರ ಸಿಗುತ್ತದೆ. ನಾನು ನಿನ್ನ ಹಾಗೆಯೇ ದನಿ ಸಣ್ಣ ಮಾಡಿ, ಮೀನುಗಾರರು ಅವಳನ್ನು ಆಚೆ ದಂಡೆಯಲ್ಲಿ ಬದುಕಿಸಿದರು, ತಾಯಿ ಓಡಿಬಂದಳು ಎಂದು ಹೇಳಿದೆ. ಚೆನ್ನಾಗಿಯೇ ಹೇಳಿದ್ದೆ. ಅವ್ವ ಎಲ್ಲ ಕೇಳಿ, "ಸುಗಂಧಾ, ಹುಡುಗಿ ಸತ್ತಳು ಹೌದಲ್ಲ?" ಅಂದಳು.

ಹೌದು ಅಂದೆ.

"ನೀ ಹಂಗ ಹೇಳಬ್ಯಾಡವಾ. ನಿನ್ನ ಬಾಯಿಲೆ ಅದು ಚಲೋ ಅನಸೂದಿಲ್ಲ. ಸತ್ತಳು ಅಂದ್ರ ಸತ್ತಳು ಅನ್ನು. ಆಮ್ಯಾಲೆ ನಾವಿಬ್ರೂ ಕೂಡಿ ಪಿಚ್ಚರ ತಗದಾಂವನ್ನ ಬಯ್ಯೂಣು." ಆಮೇಲೆ ಕೇಳಿದಳು, "ಮಯೂರಿಗೆ ನೀ ಏನರೆ ಅಂದೀಯೇನು?"

ಆ ದನಿ ಕೇಳಿದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ. ನಿನಗೆ ಹೇಳಬೇಡ ಅಂದಿದ್ದಾಳೆ, ಆದರೂ ಹೇಳಿದ್ದೇನೆ; ಹೇಳದಿದ್ದರೆ ನೀನು ಆ ಅಡಿಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. ನೀನು ಅವಳಿಗೆ ಮೋಸ ಮಾಡಿಲ್ಲ ಮಯೂರಿ. ಅವಳಿಗೆ ಮೊದಲಿಂದ ಎಲ್ಲ ಗೊತ್ತಿದೆ. ನಿನಗೆ ಇದು ಗೊತ್ತಾಗಿದೆ ಎಂದು ಅವಳಿಗೆ ತೋರಿಸಿಕೊಳ್ಳದೆ, ಇವತ್ತೇ ಹೋಗಿ ಪಕ್ಕದಲ್ಲಿ ಕೂರು. ಏನು ಬೇಕಾದರೂ ಬದಲಿಸು. ಸತ್ತವರನ್ನು ಎಬ್ಬಿಸು, ಬಾರದವರನ್ನು ಕರೆದುಕೊಂಡು ಬಾ. ಅವಳು ಹೂಂ ಅನ್ನುತ್ತಾಳೆ. ನಿನ್ನ ಕೊನೆ ಅವಳಿಗೆ ಬೇಕು. ನನ್ನ ಹತ್ತಿರ ಅವಳಿಗೆ ಬೇಕಾದದ್ದು ಬೇರೆ, ಅದು ಏನು ಎಂದು ನನಗೂ ಈಗ ಗೊತ್ತಾಗಿದೆ.

ಮುಂದಿನ ಭಾನುವಾರ ಮಿರಜಿನಲ್ಲಿ ಮಧ್ಯಾಹ್ನದ ಆಟಕ್ಕೆ ಟಿಕೀಟು ತೆಗೆಯಲು ಶ್ರೇಣಿಕನಿಗೆ ಹೇಳಿದ್ದೇನೆ. ಮೊದಲ ಬಸ್ಸಿಗೇ ಹೊರಟು ಚಿಕ್ಕೋಡಿಯ ಮೇಲೆ ಬರುತ್ತೇನೆ. ಜೋಳದ ರೊಟ್ಟಿ ನಾನು ತರುತ್ತೇನೆ, ನೀನು ಪಲ್ಯ ಮಾಡು. ಬರುವಾಗ ಬಸ್ಸಿನಲ್ಲಿ ನಾನು ಆ ಪಿಚ್ಚರಿನ ಕೊನೆಯನ್ನು ಇದ್ದದ್ದು ಇದ್ದ ಹಾಗೆ ಬಯ್ಯುತ್ತೇನೆ, ನೀನು ಕೇಳಿಸದವಳ ಹಾಗೆ ಕಿಟಕಿಯ ಕಡೆ ನೋಡುತ್ತಿರಬೇಕು.

ನಿನ್ನ ಮೇಲಿನ ಹೊಟ್ಟೆಕಿಚ್ಚು ಹೋಗಿಲ್ಲ, ಸದ್ಯಕ್ಕೆ ಹೋಗುವ ಹಾಗೂ ಕಾಣುವುದಿಲ್ಲ. ಅದನ್ನು ಇಟ್ಟುಕೊಂಡೇ ನಿನಗೆ ಒಳ್ಳೆಯದಾಗಲಿ, ಮೈ ಗಟ್ಟಿಯಿರಲಿ, ನಿನ್ನ ದನಿ ಹೀಗೇ ಇರಲಿ ಎಂದು ಹರಸುತ್ತೇನೆ. ಥೇಟರಿನಲ್ಲಿ ಅವ್ವನ ಬಲಗಿವಿ ನಿನ್ನದು. ಎಡಗಿವಿಯ ಕಡೆ ನಾನು ಕೂರುತ್ತೇನೆ, ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ನಿನ್ನ,
ಸುಗಂಧಾ ಅಕ್ಕ