ಕ್ಯಾಮೆರಾದಲ್ಲಿ ಅತ್ತೆಯ ಮನೆ

ಆಗಸ್ಟ್ 21, ಮಂಗಳವಾರ

ಅತ್ತೆ ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ, ಫೋಟೋ ತೆಗೆಯಲು ಬಂದಿರುವ ಹೆನ್ರಿಕ್‌ನನ್ನು ದೋಣಿಯಲ್ಲಿ ನಮ್ಮ ಅಂಬಾಯ್ ದ್ವೀಪಕ್ಕೆ ಕರೆದೊಯ್ದಿದ್ದೆ. ಬೆಟ್ಟ ಬೂದಿ ಉಗುಳಿ ನಾವೆಲ್ಲ ಊರು ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಬೂದಿಯ ಭಾರಕ್ಕೆ ಮೇಬಲ್ ಅತ್ತೆಯ ಮನೆ ಕುಸಿದು ಕೂತಿತ್ತು. ಮರಳಿ ಬಂದಾಗ ಅತ್ತೆ ನಮ್ಮ ನಿರಾಶ್ರಿತರ ಶಿಬಿರದ ದಡದಲ್ಲೇ ಕಾಯುತ್ತಿದ್ದಳು. "ಏನೂ ಆಗಿಲ್ಲ ಅತ್ತೆ, ಗಟ್ಟಿಯಾಗಿ ನಿಂತಿದೆ" ಎಂದುಬಿಟ್ಟೆ.

ಇವತ್ತು ಊಟದ ಹೊತ್ತಿಗೆ ಹೆನ್ರಿಕ್, ಪಾಪ, ಅವಳಿಗೆ ಖುಷಿಯಾಗಲೆಂದು ಕ್ಯಾಮೆರಾ ತೋರಿಸಿದ. ಬೂದಿ ಮೆತ್ತಿದ ತೆಂಗಿನಮರಗಳು, ಹೊಗೆಯಾಡುವ ಬೆಟ್ಟ, ಆಮೇಲೆ ಅವಳದೇ ಮನೆ. ಅದು ಯಾರದೆಂದು ಅವನಿಗೆ ಗೊತ್ತಿರಲಿಲ್ಲ.

ಅತ್ತೆ ಬಹಳ ಹೊತ್ತು ನೋಡಿದಳು. "ಚೆನ್ನಾಗಿ ತೆಗ್ದಿದ್ದೀಯಪ್ಪ" ಎಂದು ಅವನಿಗೆ ಹೇಳಿ, ನನ್ನ ತಟ್ಟೆಗೆ ಇನ್ನೊಂದು ತುಂಡು ಸುಟ್ಟ ಗೆಣಸು ಹಾಕಿದಳು.

"ತಾರಿ, ನಿನ್ನೆ ನೀನು ಉಣ್ಣದೇ ಎದ್ದಾಗ್ಲೇ ನಂಗೆ ಗೊತ್ತಾಯ್ತು ಕಣೋ. ಪಕ್ಕದ್ಮನೆ ಜೋನಾಂದು?"

"ಅದೂ ಹೋಗಿದೆ."

"ಅವನಿಗೂ ನಿಂತಿದೆ ಅಂದ್ಯಾ?"

ಹೌದೆಂದು ತಲೆಯಾಡಿಸಿದೆ.

"ನಾಳೆ ನೀನೇ ಹೋಗಿ ಹೇಳು. ಪಕ್ಕದಲ್ಲಿ ನಾನೂ ಕೂತಿರ್ತೀನಿ."

ಆಚೆ ಡೇರೆಯಲ್ಲಿ ಜೋನಾ ಇನ್ನೂ ಮಲಗಿಲ್ಲ. ಊರಿಗೆ ಹೋದ ಮೇಲೆ ಹಾಸಲೆಂದು ಹೆಂಡತಿ ಚಾಪೆ ಹೆಣೆಯುತ್ತಿದ್ದಾಳೆ. ಮನೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಎಷ್ಟು ಗೇಣೆಂದು ಇಬ್ಬರೂ ನಗುತ್ತಾ ವಾದಿಸುತ್ತಿದ್ದಾರೆ.