ನಾಲ್ಕನೇ ತಲೆ

ನವೆಂಬರ್ ೧೪

...ಕೈಗೆ ಬಿಡುಗಡೆ ಸಿಕ್ಕಿತು ಅಂತ ನಿನ್ನೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಇವತ್ತೂ ಮೂವರು ಆರ್ಡರ್ ಹಿಡಿದು ಬಂದರು. ವಾಪಸ್ ಕಳಿಸಿದೆ. ನಲವತ್ತೊಂದು ವರ್ಷ ಊರಿಗೆಲ್ಲ ಹಳೇ ವರ್ಷದ ಕಾಗದದ ಬೊಂಬೆ ಮಾಡಿಕೊಟ್ಟೆ — ಮಂತ್ರಿ, ಫುಟ್‌ಬಾಲ್ ಆಟಗಾರ, ಯಾರದೋ ಅತ್ತೆ. ಡಿಸೆಂಬರ್ ಮೂವತ್ತೊಂದರ ರಾತ್ರಿ ಗ್ವಾಯಾಕಿಲ್‌ನ ಬೀದಿಬೀದಿಯಲ್ಲಿ ಸುಟ್ಟು ಕುಣಿದರು. ಒಂದೂ ಉಳಿದಿಲ್ಲ.

ಇನ್ನು ಒಂದೇ. ನನ್ನದು. ನನ್ನ ಹೆಂಡತಿ ದೋರಿಲಾ, ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುವ ಹಾಗೆ. ತೀರಿಕೊಂಡು ಎರಡು ವರ್ಷವಾಯಿತು. ತನಗಾಗಿ ಮಾಡಿಕೊಳ್ಳುವ ಇಂಥ ಕೊನೆಯ ಕೆಲಸಕ್ಕೆ ಶಾಲೆಯಲ್ಲಿ ಒಂದು ಪದ ಕಲಿಸಿದ್ದರು. ಮಾಸ್ಟರ್‌ಪೀಸ್ ಅಲ್ಲ, ಅದಕ್ಕಿಂತ ಸಣ್ಣ ಪದ. ನೆನಪಾಗುತ್ತಿಲ್ಲ.

ಡಿಸೆಂಬರ್ ೨

ಅವಳ ಮುಖ ಮಾಡಹೋದರೆ ತುಟಿ ತಾನಾಗಿ ಕಿವಿಯವರೆಗೆ ಹೋಗುತ್ತದೆ. ಮೂಗು ಊದುತ್ತದೆ. ದೂರದಿಂದ ನೋಡಿ ಜನ ನಗಬೇಕು — ಕೈಗೆ ಗೊತ್ತಿರುವುದು ಅಷ್ಟೇ. ಸರಿಬರದ ಎರಡನೇ ತಲೆಯನ್ನೂ ಕರಗಲೆಂದು ನೀರಿಗೆ ಹಾಕಿದೆ. ಅವಳು ಹೇಗೆ ನಗುತ್ತಿದ್ದಳು... ಫೋಟೊಗಳಲ್ಲೆಲ್ಲ ಬಾಯಿ ಮುಚ್ಚಿಕೊಂಡಿದ್ದಾಳೆ.

ಡಿಸೆಂಬರ್ ೨೯

ನಾಲ್ಕನೇ ತಲೆ. ಇದೇ ಅವಳು ಅನಿಸಿತು. ಬೆಳಿಗ್ಗೆ ಅನಿಸಿತು. ಮಳೆ ಹಿಡಿದಿದೆ, ಕಾಗದ ಒಣಗುತ್ತಿಲ್ಲ.

ಡಿಸೆಂಬರ್ ೩೧, ಸಂಜೆ

ಬಿಸಿಲು ಬಂತೆಂದು ಮಧ್ಯಾಹ್ನ ಬೊಂಬೆಯನ್ನು ಒಣಗಲು ಬಾಗಿಲ ಹೊರಗೆ ಕೂರಿಸಿದೆ. ಇವತ್ತು ಯಾವ ದಿನ ಎಂಬುದೇ ತಲೆಗೆ ಬರಲಿಲ್ಲ — ನನಗೆ, ಈ ಕಸುಬಿನವನಿಗೆ. ತೂಕಡಿಸಿ ಎದ್ದು ನೋಡಿದರೆ ಅವಳು ಬೀದಿಯ ನಡುವೆ, ನಡುರಾತ್ರಿ ಸುಡಲಿಟ್ಟ ಬೊಂಬೆಗಳ ಸಾಲಿನಲ್ಲಿ. ಕೊರಳಿಗೆ ಪಟಾಕಿ ಸರ. ಎದುರುಮನೆಯ ಸೆಗುಂದೊ ಪ್ರತಿವರ್ಷದ ಪದ್ಧತಿಯಂತೆ ಹಳೇ ವರ್ಷದ ವಿಧವೆಯ ವೇಷ ಹಾಕಿ — ಕಪ್ಪು ಲಂಗ, ಲಿಪ್‌ಸ್ಟಿಕ್ — ಅವಳ ತೊಡೆಯ ಮೇಲೆ ಬಿದ್ದು ಗೋಳಾಡುತ್ತಿದ್ದ.

"ದೋನ್ ಎವಾರಿಸ್ತೊ, ಮಾಡಲ್ಲ ಮಾಡಲ್ಲ ಅಂತ ಬಿಂಕ ಮಾಡ್ಕೊಂಡು ಕೊನೆಗೂ ನಮ್ಮ ಬೀದಿಗೊಂದು ಕೊಟ್ರಲ್ಲ. ಯಾರಿದು?"

"ನೀನೇ ಹೇಳು ನೋಡೋಣ."

ಗಲ್ಲ ಹಿಡಿದು, ಹತ್ತಿರದಿಂದ ನೋಡಿದ. "ಬಾಯಿ ನೋಡಿದ್ರೆ ಆ ಲಾಟರಿ ಮಾರೋ ಮುದುಕಿನೇ. ಚೆನ್ನಾಗಿ ಉರೀತಾಳೆ ಬಿಡಿ."

ಇಪ್ಪತ್ತು ವರ್ಷ ದೋರಿಲಾಳ ಕೈಯ ಬಾಳೆಕಾಯಿ ಉಂಡೆ ತಿಂದವನು.

ಇದು ದೋರಿಲಾ ಎಂದು ಒಂದು ಮಾತು ಹೇಳಿದರೆ ಸಾಕು, ಹೊತ್ತು ತಂದು ಒಳಗಿಡುತ್ತಾರೆ. ಅಳುತ್ತಾರೆ ಕೂಡ, ಈ ಸಲ ನಿಜವಾಗಿ. ಆದರೆ ಹೇಳಿದರೆ ನಾನು ಕೆಡಿಸಿದ ಆ ಮುಖವೇ ಎಲ್ಲರಿಗೂ ಅವಳದಾಗಿಬಿಡುತ್ತದೆ. ಹೇಳದಿದ್ದರೆ ಸುಡುವುದು ಯಾರೋ ಲಾಟರಿಯವಳು...

ಹನ್ನೆರಡಕ್ಕೆ ಇನ್ನೂ ಹೊತ್ತಿದೆ. ಕಿಟಕಿಯಿಂದ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಅವಳದೇ. ಒಲೆ ಮುಂದೆ ನಿಂತಾಗ ಇದ್ದದ್ದೇ, ಎಡ ಭುಜ ಒಂಚೂರು ಕೆಳಗೆ. ಮಾಡುವಾಗ ಅದರ ಕಡೆ ನಾನು ಗಮನವನ್ನೇ ಕೊಟ್ಟಿರಲಿಲ್ಲ.

ಬೆಳಕು ಹೋಗುತ್ತಿದೆ, ಅಕ್ಷರ ಕಾಣದು. ಬೆನ್ನು ಇನ್ನೂ —