ಕಣ್ಣೆದುರು ಕರೆಸಿದ ಹಾಲು

ಇಂದಿರಾಪುರಂ
ಭಾನುವಾರ, ೧೧ ಮಾರ್ಚ್ ೨೦೦೭

ಪ್ರೀತಿಯ ಲೀಲಕ್ಕನಿಗೆ ಅಹಲ್ಯಾಳ ನಮಸ್ಕಾರ.

ಭಾವನವರ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ಫೋನ್ ಮಾಡೋಣ ಅಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ನಾನು ಹೆದರಿಕೆ ಅಂದರೆ ಸಾಕು, "ಮತ್ತೆ ಶುರುವಾಯಿತಾ?" ಅನ್ನುತ್ತಾರೆ. ಇವರ ಆಫೀಸಿನ ಬಸವರಾಜ ಇವತ್ತು ಬೆಂಗಳೂರಿಗೆ ವಿಮಾನದಲ್ಲಿ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಡಾಕ್ಟರು ಕೊಟ್ಟ ದಿನ ದಾಟಿತು ಅಕ್ಕಾ. ನೋವಿನ ಸುಳಿವೇ ಇಲ್ಲ. ಮಗು ಒದೆಯುತ್ತಿದೆ, ಅದೊಂದೇ ಧೈರ್ಯ. ಸ್ವಲ್ಪ ಹೊತ್ತು ಸುಮ್ಮನಾದರೆ ಹೊಟ್ಟೆ ತಟ್ಟಿ ಎಬ್ಬಿಸುತ್ತೇನೆ, ಪಾಪ. ಹೋದ ಸಲದ್ದು ಅಳದೇ ಹುಟ್ಟಿತಲ್ಲ, ಅವತ್ತಿನಿಂದ ಎಲ್ಲ ಸರಿಯಿದೆ ಅಂತ ಯಾರು ಹೇಳಿದರೂ ನನಗೆ ನಂಬಿಕೆ ಬರುವುದಿಲ್ಲ.

ಈಗ ಆಗಿದ್ದು ಕೇಳು. ಬಸುರಿ ಪ್ಯಾಕೆಟ್ ಹಾಲು ಕುಡಿಯಬಾರದು, ಕಣ್ಣೆದುರು ಕರೆಸಿಯೇ ತರಬೇಕು ಅಂತ ನಮ್ಮತ್ತೆಯ ಹಟ. ಹಾಗಾಗಿ ದಿನಾ ಸಂಜೆ ಈ ಹೊಟ್ಟೆ ಹೊತ್ತುಕೊಂಡು, ಪಾತ್ರೆ ಹಿಡಿದುಕೊಂಡು ನಮ್ಮ ಫ್ಲಾಟುಗಳ ಸೊಸೈಟಿಯ ಹಿಂದಿನ ಡೈರಿಗೆ ಹೋಗುತ್ತೇನೆ. ಸುತ್ತ ಎತ್ತರದ ಕಟ್ಟಡಗಳು, ನಡುವೆ ಸಗಣಿ ಕೆಸರು. ಹೆಂಗಸರೆಲ್ಲ ಸಾಲಾಗಿ ನಿಂತು, ಡೈರಿಯವನು ಎಲ್ಲಿ ನೀರು ಬೆರೆಸುತ್ತಾನೋ ಅಂತ ಅವನ ಕೈಯನ್ನೇ ಕಾಯುತ್ತೇವೆ.

ನಮಗೆ ಹಾಲು ಕೊಡುವ ಎಮ್ಮೆಗೆ ಅವನು ಮೊದಲು ಕರು ಬಿಡುತ್ತಿದ್ದ. ಅದು ಗುಮ್ಮಿ ಗುಮ್ಮಿ ಚೀಪಿದ ಮೇಲೆ ತಾಯಿ ಸೊರೆ ಬಿಟ್ಟು ಹಾಲು ಇಳಿಸುತ್ತಿತ್ತು. ಆಮೇಲೆ ಕರುವನ್ನು ಎಳೆದು ಕಟ್ಟಿ ಹಾಲು ಕರೆಯುತ್ತಿದ್ದ. ಮೊನ್ನೆ ಕರು ಕಾಣಲಿಲ್ಲ. "ಭಯ್ಯಾ, ಬಚ್ಚಾ ಕಹಾಂ?" ಅಂದೆ. "ಮರ್ ಗಯಾ, ಭಾಭೀಜಿ," ಸತ್ತುಹೋಯಿತು ಅಂತ ಇತ್ತ ತಿರುಗಿ ಕೂಡ ನೋಡದೆ ಹೇಳಿ, ಕಿಸೆಯಿಂದ ಸಿರಿಂಜ್ ತೆಗೆದು ಎಮ್ಮೆಯ ಕತ್ತಿಗೆ ಚುಚ್ಚಿಯೇಬಿಟ್ಟ. ಅಯ್ಯೋ ಅಂದೆ. "ಏನು ಮಾಡಲಿ? ಕರು ಇಲ್ಲದೆ ಇವಳು ಹಾಲು ಇಳಿಸುವುದಿಲ್ಲ, ನೀವೆಲ್ಲ ಕಾಯುತ್ತಿದ್ದೀರಿ," ಅಂತ ನಮ್ಮ ಮೇಲೇ ಹಾಕಿದ. ಪಕ್ಕದವಳು, "ಆಕ್ಸಿಟೋಸಿನ್. ಎಲ್ಲ ಕಡೆ ಇದೇ, ಬೇಗ ಆಗುತ್ತೆ ಬಿಡಿ," ಅಂದಳು.

ಎಮ್ಮೆ ಬೆನ್ನು ಬಾಗಿಸಿ ನಡುಗಿತು ಅಕ್ಕಾ. ನೋಡ್ತಾ ನೋಡ್ತಾ ಹಾಲು ಸುರಿಯಿತು. ಅದು ಮಾತ್ರ ಕರು ಕಟ್ಟುತ್ತಿದ್ದ ಗೂಟದ ಕಡೆಗೇ ಕತ್ತು ತಿರುಗಿಸಿಕೊಂಡು ನಿಂತಿತ್ತು. ಆ ಹಾಲನ್ನು ನಾನು ಕಾಯಿಸಲೂ ಇಲ್ಲ.

ನಿನ್ನೆ ಡಾಕ್ಟರ ಹತ್ತಿರ ಹೋದೆವು. ಗುರುವಾರದೊಳಗೆ ನೋವು ಬರದಿದ್ದರೆ ಅಡ್ಮಿಟ್ ಮಾಡಿಕೊಂಡು, ಡ್ರಿಪ್ ಹಾಕಿ ನೋವು ಬರಿಸುತ್ತಾರಂತೆ. ಯಾವ ಔಷಧಿ ಅಂತ ಕೇಳಿದೆ. ಅದೇ ಹೆಸರು! ಡೈರಿಯ ವಿಷಯ ಹೇಳಿದೆ. ಪುಣ್ಯಾತ್ಗಿತ್ತಿ ನಗಲಿಲ್ಲ. "ಅದು ನಿಮ್ಮ ಮೈಯಲ್ಲೇ ಇರುವ ಹಾರ್ಮೋನು. ನಾವು ಹನಿ ಹನಿಯಾಗಿ, ಮಗುವಿನ ಎದೆಬಡಿತ ನೋಡುತ್ತ ಕೊಡುತ್ತೇವೆ. ಅವನು ಮಾಡುತ್ತಿರುವುದು ತಪ್ಪು. ಅದಕ್ಕೆ ಇದನ್ನು ಹೋಲಿಸಬೇಡಿ," ಅಂದರು. ಆಟೋದಲ್ಲಿ ಇವರು, "ಎಂ.ಎ. ಮಾಡಿದವಳು ಎಮ್ಮೆ ಜೊತೆ ಸಾಲಿಗೆ ನಿಂತೆಯಲ್ಲೇ!" ಅಂತ ಚುಡಾಯಿಸಿದರು. ನನಗೂ ನಗಬೇಕು ಅನ್ನಿಸಿತು, ಆಗಲಿಲ್ಲ. ಡಾಕ್ಟರು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಕಣ್ಣು ಮುಚ್ಚಿದರೆ ಆ ನಡುಕವೇ ಕಾಣುತ್ತದೆ. ಡ್ರಿಪ್ ಬೇಡ ಅಂದರೆ ಮಗುವಿಗೆ ತೊಂದರೆ, ಹಾಕಿಸಿಕೊಂಡರೆ ಏನೋ ಅಂತ ಭಯ. ಹೋಗುತ್ತೇನೆ, ಹೋಗದೆ ಇನ್ನೇನು ಮಾಡಲಿ?

ನೀನು ಬಾ ಅಕ್ಕಾ. ಮಂಗಳವಾರದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಗುರುವಾರ ಇಲ್ಲಿರುತ್ತೀಯ. ಟಿಕೆಟ್ ಸಿಗದಿದ್ದರೆ ಭಾವನ ಹತ್ತಿರ ಜಗಳ ಮಾಡಿಯಾದರೂ ವಿಮಾನ ಹತ್ತು.

ಕೃತಿಗೆ ನನ್ನ ಮುತ್ತು, ಪರೀಕ್ಷೆ ಚೆನ್ನಾಗಿ ಬರೆಯಲಿ. ಭಾವನವರಿಗೆ ನಮಸ್ಕಾರ. ನನ್ನ ತಲೆ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಅಹಲ್ಯಾ

ವಿ.ಸೂ.: ಇದನ್ನು ನಿನಗೂ ಹೇಳಿರಲಿಲ್ಲ. ಹೋದ ಸಲ ಮಗುವನ್ನು ಮಣ್ಣಿಗೆ ಒಯ್ದ ಮೇಲೆ ನನಗೆ ಹಾಲು ಬಂತು ಅಕ್ಕಾ. ಪಕ್ಕದ ಫ್ಲಾಟಿನ ಕೂಸು ಅತ್ತರೆ ಸಾಕು, ರವಿಕೆ ಒದ್ದೆಯಾಗುತ್ತಿತ್ತು. ಇವರಿಗೆ ಬೆವರು ಅಂದೆ. ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಹಿಂಡಿ ಹಿಂಡಿ ಚೆಲ್ಲಿದೆ. ಈ ಸಲ ಕುಡಿಯುವುದಕ್ಕೆ ಮಗು ಇರುತ್ತದಾ? ಇರುತ್ತದೆ ಅಂತ ಹೇಳುವುದಕ್ಕಾದರೂ ಬಾ.